23,850 ಕುಣಿಕೆಗಳ ಲೆಕ್ಕ: ಒಂದು ಲೇಸ್ ಶಾಲು, ಐದು ಮನೆಗಳ ಬಲೆ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನ ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಅಷ್ಟು ಮಣ್ಣು ಒಮ್ಮೆಲೇ ಬಿದ್ದಾಗ ಎದ್ದ ನೀರು ಎದುರು ದಡದ ಉಳುವರೆ ಹಳ್ಳಿಗೆ ನುಗ್ಗಿ ಅಲ್ಲಿಯ ಮನೆಗಳನ್ನೂ ಕೆಡವಿತು. ಕೇರಳದ ಲಾರಿಯೊಂದು ನದಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ಜನ ಸೇರಿದರೆ ಅದೇ ಮಾತು.

ಶಿರಸಿಯ ಪಕ್ಕದ ಹಳ್ಳಿಯೊಂದರ ಮಹಿಳಾ ಸ್ವಸಹಾಯ ಸಂಘದಲ್ಲೂ ಅದೇ ಮಾತು. ವಾರದ ಉಳಿತಾಯ ಕಟ್ಟುವ ದಿನ ಒಬ್ಬರು, "ನಾವೂ ಏನಾದ್ರೂ ಮಾಡ್ಬೇಕಲ್ಲ" ಎಂದರು. ಆ ಸಂಘದಲ್ಲಿ ಹೆಣಿಗೆ ಚೆನ್ನಾಗಿ ಬಲ್ಲವರು ಇಬ್ಬರಿದ್ದರು, ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಬಲ್ಲವರು ಇನ್ನೂ ಜಾಸ್ತಿ. ಹಾಗಾಗಿ ಶಾಲಿನ ಯೋಚನೆ ಬಂತು. ನಾನು ಆ ಸಂಘದವಳಲ್ಲ. ಅವರ ಲೆಕ್ಕದ ಪುಸ್ತಕ ನೋಡಿ, ಅವರ ಹತ್ತಿರ ಕೂತು ಕೇಳಿ ಇದನ್ನು ಬರೆದಿದ್ದೇನೆ. ಹೆಸರು ಹಾಕುವುದು ಬೇಡ ಎಂದರು. ಆದ್ದರಿಂದ ಊರಲ್ಲಿ ಕರೆಯುವ ಹಾಗೇ ಕರೆಯುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಟೀಚರಕ್ಕ. ಗಂಡ ಸೈನ್ಯದಲ್ಲಿದ್ದಾಗ ಉತ್ತರದ ಕ್ವಾರ್ಟರ್ಸ್‌ಗಳಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸರಿಂದ ಹೆಣಿಗೆ ಕಲಿತವರು ಮಿಲಿಟರಿ ಅತ್ತಿಗೆ. ದುಡ್ಡಿನ ಪುಸ್ತಕ ಇಟ್ಟುಕೊಂಡವರು ಖಜಾಂಚಿ. ಇವರು ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು, ಗಟ್ಟಿತನದಲ್ಲಿ ಎಲ್ಲರಿಗಿಂತ ದೊಡ್ಡವರು.

ಶಾಲು ಕೊಡುವುದೋ, ದುಡ್ಡು ಕೊಡುವುದೋ

ಮೊದಲ ಯೋಚನೆ ತೀರಾ ಸರಳವಾಗಿತ್ತು. ಎಲ್ಲರೂ ಒಂದೊಂದು ಶಾಲು ಹೆಣೆದು ಗಂಗಾವಳಿ ದಡದ ಹೆಂಗಸರಿಗೆ ಕೊಡುವುದು. ಕೇಳುವುದಕ್ಕೆ ಚೆಂದ. ಆದರೆ ಅಂಕೋಲಾದ ಸೆಕೆಯಲ್ಲಿ ಉಲ್ಲನ್ ಶಾಲು ಯಾರು ಹೊದೆಯುತ್ತಾರೆ? ಘಟ್ಟದ ಮೇಲಿನ ಶಿರಸಿಯಲ್ಲಿ ಚಳಿಗಾಲದ ಬೆಳಿಗ್ಗೆ ಅದಕ್ಕೊಂದು ಅರ್ಥ ಇದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದರೆ ಅದು ಪೆಟ್ಟಿಗೆಯಲ್ಲಿ ಬೂಸ್ಟು ಹಿಡಿಯುವ ವಸ್ತು. ನಮ್ಮಲ್ಲಿ ಸನ್ಮಾನಕ್ಕೆ ಹೊದಿಸಿದ ಶಾಲುಗಳೇ ಕಪಾಟಿನಲ್ಲಿ ಎಷ್ಟು ಬಿದ್ದಿವೆ ಅಂತ ಯಾರ ಮನೆಯಲ್ಲಾದರೂ ನೋಡಿ.

ಖಜಾಂಚಿಯ ತಂಗಿಯನ್ನು ಅಂಕೋಲಾ ಕಡೆಗೆ ಕೊಟ್ಟಿದೆ. ಫೋನ್ ಮಾಡಿ ಕೇಳಿದರು. ಉತ್ತರ ಸ್ಪಷ್ಟವಾಗಿತ್ತು. "ಬಟ್ಟೆ ಕಳಿಸ್ಬೇಡ ಅಕ್ಕಾ. ಬಟ್ಟೆ ರಾಶಿ ಬಿದ್ದಿದೆ. ಹರಿದ ಸೀರೆನೂ ಕಳಿಸಿದ್ದಾರೆ." ಯಾವ ನೆರೆ ಬಂದರೂ ಇದೇ ಕಥೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗಲೂ ಹೀಗೇ ಆಗಿತ್ತು. ಕೊಡುವವರ ಮನೆಯಲ್ಲಿ ಬೇಡವಾದದ್ದು ಪಡೆಯುವವರ ಅಂಗಳಕ್ಕೆ ಬರುತ್ತದೆ. ಅದನ್ನು ವಿಂಗಡಿಸುವುದೇ ಅವರಿಗೆ ಇನ್ನೊಂದು ಕೆಲಸ.

ಹಾಗಾದರೆ ಏನು ಬೇಕು? ಮನೆ ಬಿದ್ದವರಿಗೆ, ಜೀವ ಕಳೆದುಕೊಂಡವರ ಮನೆಯವರಿಗೆ ಸರ್ಕಾರದ ಪರಿಹಾರ ಇದೆ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಆಗ ಒಂದು ಸಾವಿಗೆ 4 ಲಕ್ಷ ರೂಪಾಯಿ ಎಂದಿತ್ತು. ಆದರೆ ನದಿಯಲ್ಲಿ ಮೀನು ಹಿಡಿದು ಬದುಕುವವರ ಬಲೆ ನೀರಲ್ಲಿ ಹೋದರೆ ಅದನ್ನು ಕಾಗದದಲ್ಲಿ ತೋರಿಸುವುದು ಕಷ್ಟ. ಮನೆಗೆ ನಂಬರ್ ಇರುತ್ತದೆ, ಫೋಟೊ ಇರುತ್ತದೆ. ಬೇಲಿಯ ಮೇಲೆ ಒಣಹಾಕಿದ್ದ ಬಲೆಗೆ ಯಾವ ದಾಖಲೆ ಇದೆ? ಆ ದಡದ ಒಂದು ಹಳ್ಳಿಯಲ್ಲಿ ಐದು ಮನೆಯವರ ಬಲೆ ಹೋಗಿದೆ ಎಂದು ತಂಗಿ ಹೇಳಿದಳು. ಬಲೆ ಕೊಡಿಸುವುದು ಎಂದು ಸಂಘ ತೀರ್ಮಾನಿಸಿತು. ಅಲ್ಲಿಗೆ ಶಾಲು ಕೊಡುವ ವಸ್ತು ಆಗಿ ಉಳಿಯಲಿಲ್ಲ, ದುಡ್ಡು ಕೂಡಿಸುವ ದಾರಿ ಆಯಿತು. ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಇದೇ ಎಂದು ನನಗೆ ಅನಿಸುತ್ತದೆ. ಮುಂದಿನದ್ದೆಲ್ಲ ಲೆಕ್ಕ ಮತ್ತು ತಾಳ್ಮೆ.

ಎಂಟುನೂರು ರೂಪಾಯಿಯ ಜಗಳ

ದುಡ್ಡು ಕೂಡಿಸಬೇಕು ಅಂದ ಕೂಡಲೇ ಮಾರಾಟದ ಮಾತು ಬಂತು. ಹತ್ತು ಶಾಲು ಹೆಣೆದು ಒಂದಕ್ಕೆ 800 ರೂಪಾಯಿಯಂತೆ ಮಾರಿದರೆ 8,000 ರೂಪಾಯಿ. ಪೇಟೆಯಲ್ಲಿ ಮಶಿನ್ ಶಾಲಿಗೆ ಅಷ್ಟೇ ಇದೆಯಲ್ಲ, ನಮ್ಮದಕ್ಕೆ ಜಾಸ್ತಿ ಯಾರು ಕೊಡುತ್ತಾರೆ ಎಂದು ಒಬ್ಬರು ಕೇಳಿದರು.

ಮಿಲಿಟರಿ ಅತ್ತಿಗೆ ಸಿಟ್ಟಾದರು. "ಎಂತ ಮಾರಾಯ್ತಿ, ನನ್ನ ಕೈಗೆ ಬೆಲೆ ಇಲ್ವಾ?"

ಟೀಚರಕ್ಕ ಕಾಗದ ತೆಗೆದುಕೊಂಡರು. ಅವರು ಹೆಣೆಯಬೇಕೆಂದಿದ್ದದ್ದು ಮೂರು ಮೂಲೆಯ ಲೇಸ್ ಶಾಲು, ಅಂದರೆ ತೂತುಗಳಿಂದಲೇ ವಿನ್ಯಾಸ ಮೂಡುವ ಹೆಣಿಗೆ. ಕುತ್ತಿಗೆಯ ಹತ್ತಿರ ನಡುವಿನಲ್ಲಿ ಏಳು ಕುಣಿಕೆಯಿಂದ ಶುರು. ಕುಣಿಕೆ ಅಂದರೆ ಹೆಣಿಗೆಯ ಕಡ್ಡಿಯ ಮೇಲೆ ಕೂರುವ ನೂಲಿನ ಒಂದೊಂದು ಬಳೆ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನಾಲ್ಕು ಕುಣಿಕೆ ಹೆಚ್ಚುತ್ತವೆ. ಎರಡು ಅಂಚಿನಲ್ಲಿ ಒಂದೊಂದು, ನಡುವಿನ ಗೆರೆಯ ಎರಡೂ ಬದಿಗೆ ಒಂದೊಂದು. ಮೊದಲ ಎರಡು ಸಾಲಿನಲ್ಲಿ 11 ಕುಣಿಕೆ, ಆಮೇಲಿನ ಎರಡರಲ್ಲಿ 15, ಹೀಗೇ ಹೋಗಿ 150ನೇ ಸಾಲಿಗೆ 307. ಎಲ್ಲ ಕೂಡಿಸಿದರೆ 23,850 ಕುಣಿಕೆ. ಲೇಸ್ ಹೆಣೆಯುವಾಗ ಕೈ ನಿಧಾನ. ನಿಮಿಷಕ್ಕೆ 15 ಕುಣಿಕೆ ಎಂದು ಹಿಡಿದರೂ 26 ಗಂಟೆ 30 ನಿಮಿಷ. ಬಿಚ್ಚುವುದು, ಎಣಿಸುವುದು, ತೊಳೆದು ಹಾಸುವುದು ಇದರಲ್ಲಿ ಸೇರಿಲ್ಲ.

ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ ಮೂರು ದಿನಕ್ಕೂ ಮಿಕ್ಕಿದ ಕೆಲಸ. ಕೂಲಿಯೇ 1,156 ರೂಪಾಯಿ ಆಯಿತು. ಅದಕ್ಕೆ ಒಳ್ಳೆಯ ನೂಲಿನ ಎರಡು ಲಡಿಗೆ ಸಾಗಣೆ ಸೇರಿ 2,100. ಒಟ್ಟು 3,256. ಅಂದರೆ 800ಕ್ಕೆ ಮಾರಿದರೆ ಪ್ರತಿ ಶಾಲಿಗೂ ಸಂಘವೇ ಕೈಯಿಂದ ದುಡ್ಡು ಹಾಕಿದ ಹಾಗೆ. ಕೊಳ್ಳುವವರು ಸಹಾಯ ಮಾಡಿದೆವು ಅಂದುಕೊಳ್ಳುತ್ತಾರೆ. ನಿಜಕ್ಕೂ ಅವರಿಗೇ ಸಹಾಯ ಆಗಿರುತ್ತದೆ.

ಈ ಜಗಳ ಶಿರಸಿಯದ್ದು ಮಾತ್ರ ಅಲ್ಲ. ಲೇಸಿನ ಚರಿತ್ರೆಯ ತುಂಬ ಇದೇ ಇದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂದಾಗ ಕ್ರೈಸ್ತ ಸನ್ಯಾಸಿನಿಯರ ಮಠಗಳು ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದವು. ಆ ಲೇಸಿನಿಂದ ಎಷ್ಟೋ ಮನೆ ಉಂಡವು. ನಮ್ಮ ಪಕ್ಕದ ಆಂಧ್ರದ ನರಸಾಪುರಕ್ಕೆ ಕ್ರೋಶಾ ಬಂದದ್ದೂ ಹತ್ತೊಂಬತ್ತನೇ ಶತಮಾನದಲ್ಲಿ, ಮಿಶನರಿಗಳ ಮೂಲಕ. ಅಲ್ಲಿ ಏನಾಯಿತು? ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವ ಕೆಲಸ ಅಲ್ವಾ ಎಂದು ಹೆಂಗಸರ ಕೂಲಿ ಬಹಳ ಕಾಲ ತೀರಾ ಕಡಿಮೆ ಇತ್ತು. ಲೇಸ್ ಮಾತ್ರ ಕಡಲಾಚೆ ಹೋಗಿ ಮಾರಾಟವಾಯಿತು. 2024ರಲ್ಲಿ ಆ ಲೇಸಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ಎಸ್ಟೋನಿಯಾ ದೇಶದ ಹಾಪ್ಸಾಲು ಎಂಬ ಊರಿನ ಶಾಲಿನ ಕಥೆ ಇನ್ನೂ ತಮಾಷೆಯದ್ದು. ಅಲ್ಲಿ ವ್ಯಾಪಾರಿಗಳು ಶಾಲನ್ನು ತೂಗಿ ಬೆಲೆ ಕಟ್ಟುತ್ತಿದ್ದರಂತೆ. ಹೆಂಗಸರು ಲೇಸಿನ ನಡುವೆ ಪುಟ್ಟ ಪುಟ್ಟ ಗುಬುಟು ಹೆಣೆದು ತೂಕ ಹೆಚ್ಚಿಸಿದರು ಎಂದು ಹೇಳುತ್ತಾರೆ. ಆ ಗುಬುಟೇ ಈಗ ಆ ಊರಿನ ಗುರುತು.

ಟೀಚರಕ್ಕನ ತಲೆಗೆ ಹೊಳೆದದ್ದು ಬೇರೆಯೇ. ಶಾಲನ್ನು ಮಾರುವುದು ಯಾಕೆ? ಕುಣಿಕೆಯನ್ನೇ ಮಾರೋಣ. ಹತ್ತು ಶಾಲು ಬೇಡ, ಒಂದೇ ಸಾಕು. ಕುಣಿಕೆಗೆ 2 ರೂಪಾಯಿ. ಯಾರಿಗೆ ಯಾವ ಸಾಲು ಬೇಕೋ ಆ ಸಾಲಿನ ಕುಣಿಕೆಗೆ ತಕ್ಕ ದುಡ್ಡು ಕೊಡಲಿ. ಪುಸ್ತಕದಲ್ಲಿ ಸಾಲಿನ ಎದುರು ಅವರ ಹೆಸರು. ಒಂದನೇ ಸಾಲಿಗೆ 22 ರೂಪಾಯಿ, 100ನೇ ಸಾಲಿಗೆ 414, ಕಡೆಯ ಸಾಲಿಗೆ 614. ಎಲ್ಲ ಹೋದರೆ 47,700 ರೂಪಾಯಿ. ಹತ್ತು ಶಾಲು ಮಾರಿ 8,000 ಎಣಿಸುತ್ತಿದ್ದವರು ಸುಮ್ಮನಾದರು.

ಇದರಲ್ಲಿ ಇನ್ನೊಂದು ಅನುಕೂಲ ಇತ್ತು. ಬಡವರೂ ಸೇರಬಹುದು. ಮೊದಲ ಹತ್ತು ಸಾಲಿನ ಒಟ್ಟು ಕುಣಿಕೆ 190, ಬೆಲೆ 380 ರೂಪಾಯಿ. ಅದನ್ನು ಊರಿನ ಶಾಲೆಯ ಮಕ್ಕಳು ಚಿಲ್ಲರೆ ಕೂಡಿಸಿ ಕೊಂಡರು. ಕಡೆಯ ಹತ್ತು ಸಾಲಿಗೆ 2,990 ಕುಣಿಕೆ, 5,980 ರೂಪಾಯಿ. ಅದನ್ನು ಅಡಿಕೆ ಮಂಡಿಯ ಕಡೆಯವರಿಗೆ ಮಾರುವುದು ಎಂದು ಆಗಲೇ ಲೆಕ್ಕ ಹಾಕಿದ್ದರು.

ಕಾನೂನಿನ ನಾಲ್ಕು ಮಾತು

ಶಾಲು ಮುಗಿದ ಮೇಲೆ ಯಾರಿಗೆ? ದುಡ್ಡು ಕೊಟ್ಟವರ ಹೆಸರು ಚೀಟಿಯಲ್ಲಿ ಬರೆದು ಲಕ್ಕಿ ಡ್ರಾ ಮಾಡೋಣ ಎಂದು ಹಲವರು ಹೇಳಿದರು. ಇಲ್ಲಿ ಸದಸ್ಯೆಯೊಬ್ಬರ ಅಳಿಯ, ವಕೀಲರು, ಬೇಡ ಎಂದು ತಡೆದರು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ದುಡ್ಡು ಪಡೆದು ಚೀಟಿ ಎತ್ತಿ ಬಹುಮಾನ ಕೊಡುವುದು ಅನುಮತಿ ಇಲ್ಲದ ಲಾಟರಿಯೇ. ಹಿಂದೆ ದಂಡ ಸಂಹಿತೆಯ 294ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಇದೆ. ಒಳ್ಳೆಯ ಕೆಲಸಕ್ಕೆ ಅಂದರೆ ಕಲಂ ಬದಲಾಗುವುದಿಲ್ಲ. ಊರೂರಲ್ಲಿ ಕೂಪನ್ ಮಾರುವುದನ್ನು ನೋಡಿ ನೋಡಿ ನಮಗೆ ಅದು ತಪ್ಪು ಅಂತ ಅನಿಸುವುದೇ ಇಲ್ಲ.

ಬೇರೆ ದಾರಿ ನಮ್ಮಲ್ಲೇ ಇತ್ತು, ಸವಾಲು, ಅಂದರೆ ಹರಾಜು. ಉತ್ಸವದಲ್ಲಿ ಕಟ್ಟಿದ ಹಣ್ಣುಕಾಯಿಗಳ ಫಲಾವಳಿಯನ್ನು ಆಮೇಲೆ ಸವಾಲು ಹಾಕುತ್ತಾರೆ. ಅಂಗಡಿಯಲ್ಲಿ ಕಡಿಮೆಗೆ ಸಿಗುವ ತೆಂಗಿನಕಾಯಿಗೆ ಅಲ್ಲಿ ಸಾವಿರ ಕೂಗುವವರಿದ್ದಾರೆ. ಅಲ್ಲಿ ಯಾರೂ ಕಾಯಿಯ ಬೆಲೆ ಕಟ್ಟುವುದಿಲ್ಲ. ಹಾಗೆ ಶಾಲನ್ನೂ ಊರಲ್ಲಿ ಹಬ್ಬದ ದಿನ ಸವಾಲಿಗೆ ಇಡುವುದು ಎಂದಾಯಿತು.

ಇನ್ನೊಂದು ತೊಡಕು ರಸೀದಿಯದ್ದು. ಶಿರಸಿ ಪೇಟೆಯ ಕೆಲವರು 80ಜಿ ರಸೀದಿ, ಅಂದರೆ ದೇಣಿಗೆಗೆ ತೆರಿಗೆ ವಿನಾಯಿತಿ ಪಡೆಯುವ ರಸೀದಿ ಕೇಳಿದರು. ಸ್ವಸಹಾಯ ಸಂಘಕ್ಕೆ ಅದನ್ನು ಕೊಡುವ ಅಧಿಕಾರ ಇಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇಕು. ತೆರಿಗೆ ವಿನಾಯಿತಿ ಬೇಕಾದವರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ನೇರ ಕೊಡಲಿ, ಅಲ್ಲಿ ಪೂರ್ತಿ ವಿನಾಯಿತಿ ಇದೆ ಎಂದು ಖಜಾಂಚಿ ಹೇಳಿಬಿಟ್ಟರು. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ವಿನಾಯಿತಿ ಇಲ್ಲ. ಇಬ್ಬರು ಹಾಗೇ ಮಾಡಿದರು. ಸಂಘಕ್ಕೆ ಅಷ್ಟು ಕಡಿಮೆಯಾಯಿತು, ಆದರೆ ದುಡ್ಡು ಪರಿಹಾರಕ್ಕೇ ಹೋಯಿತಲ್ಲ.

ಹೊರದೇಶದ ಮಕ್ಕಳು ಸುಮ್ಮನಿರುತ್ತಾರಾ? ದುಬೈನಲ್ಲಿರುವ ಒಬ್ಬ ಹುಡುಗ ಐದು ಸಾಲು ಕೇಳಿದ. ಅಮೆರಿಕದಲ್ಲಿರುವ ಒಬ್ಬಳು ಹತ್ತು ಸಾಲು ಕೇಳಿದಳು. ಹುಡುಗನದ್ದು ಭಾರತದ ಪಾಸ್‌ಪೋರ್ಟ್. ಅವನು ತನ್ನ ಸ್ವಂತ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅವಳು ಅಮೆರಿಕದ ಪೌರತ್ವ ಪಡೆದವಳು. ಅವಳದ್ದು ಆಗುತ್ತದೆ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ನೋಂದಣಿಯಾಗಲಿ ಮುಂಗಡ ಅನುಮತಿಯಾಗಲಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. ಅವಳಿಗೆ ಬೇಡ ಎಂದು ಹೇಳಬೇಕಾಯಿತು. ಅವಳ ಅಮ್ಮ ಸಂಘದಲ್ಲೇ ಇದ್ದಾರೆ. ಕೆಲವು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ನೂಲು, ಕಡ್ಡಿ, ಮಳೆ

ಶಿರಸಿ ಪೇಟೆಯಲ್ಲಿ ಸುಲಭವಾಗಿ ಸಿಕ್ಕಿದ್ದು ಅಕ್ರಿಲಿಕ್ ನೂಲು. ಅಗ್ಗ, ಬಣ್ಣ ಬೇಕಾದಷ್ಟು. ಮಿಲಿಟರಿ ಅತ್ತಿಗೆ ಅಂಗೈ ಅಗಲದ ತುಂಡು ಹೆಣೆದು, ನೆನೆಸಿ, ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸಿದರು. ಸೂಜಿ ತೆಗೆದ ಕೂಡಲೇ ಅದು ಮುದುಡಿ ಮೊದಲಿನ ಹಾಗೇ ಆಯಿತು. ಲೇಸಿನ ಕಷ್ಟ ಇದೇ. ಹೆಣೆಯುವಾಗ ಅದು ಸುಕ್ಕುಗಟ್ಟಿದ ಚಿಂದಿಯ ಹಾಗೆ ಕಾಣುತ್ತದೆ. ತೂತು ತೆರೆದು ವಿನ್ಯಾಸ ಕಾಣುವುದು ನೆನೆಸಿ ಎಳೆದು ಹಾಸಿದ ಮೇಲೆ. ಕುರಿಯ ಉಣ್ಣೆಯ ಎಳೆ ನೀರು ಕುಡಿದು ಮೆತ್ತಗಾಗಿ, ಹೇಗೆ ಎಳೆದಿಟ್ಟೆವೋ ಹಾಗೆ ಒಣಗುತ್ತದೆ. ಅಕ್ರಿಲಿಕ್‌ಗೆ ನೀರು ಸಾಲದು, ಹಬೆಯ ಬಿಸಿ ಬೇಕು. ಬಿಸಿ ಸ್ವಲ್ಪ ಜಾಸ್ತಿಯಾದರೆ ನೂಲು ಜೀವ ಕಳೆದುಕೊಂಡು ಜೋತು ಬೀಳುತ್ತದೆ. ಮತ್ತೆ ಸರಿ ಮಾಡಲು ಬರುವುದಿಲ್ಲ.

ನಮ್ಮ ರಾಜ್ಯದ ಉಣ್ಣೆಯನ್ನೇ ಬಳಸೋಣ ಎಂಬ ಮಾತೂ ಬಂತು. ಆಸೆ ಒಳ್ಳೆಯದು. ಆದರೆ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಲಾಯಕ್ಕು. ಮಳೆಗಾಲದಲ್ಲಿ ಗದ್ದೆಗೆ ಹೋಗುವವರು ತಲೆಗೆ ಹಾಕುವ ಕಂಬಳಿ ಕೊಪ್ಪೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಲೇಸಿಗೆ ಅದು ಒರಟು. ಕಡೆಗೆ ಹೊರಗಿನಿಂದ ತೆಳು ಮೆರಿನೊ ನೂಲು ತರಿಸಿದರು. 100 ಗ್ರಾಂ ಲಡಿಯಲ್ಲಿ ಸುಮಾರು 400 ಮೀಟರ್. ಕಡ್ಡಿ 4 ಮಿಲಿಮೀಟರಿನದ್ದು, ನಡುವೆ ವೈರ್ ಇರುವಂಥದ್ದು. ಮುನ್ನೂರು ಕುಣಿಕೆ ನೇರ ಕಡ್ಡಿಯಲ್ಲಿ ಹಿಡಿಸುವುದಿಲ್ಲ.

ಎರಡು ಲಡಿ ಯಾಕೆ ಎಂದು ಖಜಾಂಚಿ ಕೇಳಿದರು. ಟೀಚರಕ್ಕ ಮಾದರಿ ತುಂಡನ್ನು ಬಿಚ್ಚಿ ನೂಲು ಅಳೆದಿದ್ದರು. ಒಂದು ಕುಣಿಕೆಗೆ 1.7 ಸೆಂಟಿಮೀಟರ್. 23,850 ಕುಣಿಕೆಗೆ ಸುಮಾರು 405 ಮೀಟರ್. ಒಂದು ಲಡಿ ಕಡೆಯ ಸಾಲಿನ ಹೊಸ್ತಿಲಲ್ಲಿ ಕೈಕೊಡುತ್ತದೆ. ಅಂಚು ಮುಚ್ಚಲು ಇನ್ನಷ್ಟು ಬೇಕು. ಆಮೇಲೆ ತರಿಸಿದರೆ ಅದೇ ಬಣ್ಣದ ಪಾಕದಲ್ಲಿ ಅದ್ದಿದ ನೂಲು ಸಿಗುತ್ತದೆ ಎಂದು ಹೇಳಲಾಗದು. ಆದ್ದರಿಂದ ಒಟ್ಟಿಗೇ ಎರಡು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಉಂಡೆಯನ್ನು ಆಗಾಗ ತೂಗುತ್ತಿದ್ದರು. ಕಡೆಯ ಹತ್ತು ಸಾಲಿಗೆ 13 ಗ್ರಾಂ ಹೋಯಿತು. ಲೆಕ್ಕ ಸರಿಯಿತ್ತು.

ವಿನ್ಯಾಸ ಸರಳ. ಲೇಸಿನ ಎಲ್ಲ ತೂತಿನ ಗುಟ್ಟು ಒಂದೇ. ಕಡ್ಡಿಗೆ ನೂಲು ಒಮ್ಮೆ ಸುತ್ತಿಕೊಂಡರೆ ಹೊಸ ಕುಣಿಕೆ ಹುಟ್ಟಿ ಅಲ್ಲಿ ತೂತಾಗುತ್ತದೆ. ಪಕ್ಕದಲ್ಲಿ ಎರಡು ಕುಣಿಕೆ ಕೂಡಿಸಿ ಹೆಣೆದರೆ ಲೆಕ್ಕ ಮತ್ತೆ ಸಮ. ಕೂಡಿಸುವಾಗ ಎಡಕ್ಕೆ ವಾಲಿಸುತ್ತೀರೋ ಬಲಕ್ಕೋ ಎಂಬುದರ ಮೇಲೆ ಎಲೆ, ಅಲೆ ಎಲ್ಲ ಮೂಡುತ್ತವೆ. ಸೀದಾ ಸಾಲಿನಲ್ಲಿ ಲೇಸ್, ಉಲ್ಟಾ ಸಾಲಿನಲ್ಲಿ ಬರೀ ಹೆಣಿಗೆ. ಬೇರೆಯವರು ದುಡ್ಡಿಗೆ ಮಾರುವ ವಿನ್ಯಾಸ ಬಳಸಿದರೆ ಮಾರಾಟಕ್ಕೆ ಅವರ ಷರತ್ತು ಇರಬಹುದು. ಅದಕ್ಕೇ ಅತ್ತಿಗೆ ತಾವೇ ಚೌಕುಳಿ ಕಾಗದದಲ್ಲಿ ಚುಕ್ಕಿ ಇಟ್ಟು ಬರೆದರು. ರಂಗೋಲಿ ಬಲ್ಲವರಿಗೆ ಅದೇನು ಕಷ್ಟ ಅಲ್ಲ.

ಮೊದಲು ನಾಲ್ವರು ಸರದಿಯಲ್ಲಿ ಹೆಣೆಯುವುದು ಎಂದಿತ್ತು. ನಡೆಯಲಿಲ್ಲ. ಒಬ್ಬರ ಕೈ ಬಿಗಿ, ಒಬ್ಬರದ್ದು ಸಡಿಲ. ಸಾಲು ಬದಲಾದದ್ದು ದೂರದಿಂದಲೇ ಗೊತ್ತಾಗುತ್ತಿತ್ತು. ಮೊದಲ 20 ಸಾಲು ಬಿಚ್ಚಿ ಮತ್ತೆ ಶುರು ಮಾಡಿದರು. ಆಮೇಲೆ ಹೆಣಿಗೆ ಅತ್ತಿಗೆ ಮತ್ತು ಇನ್ನೊಬ್ಬರದ್ದು ಮಾತ್ರ. ಅವರಿಬ್ಬರ ಕೈ ಹೆಚ್ಚು ಕಡಿಮೆ ಒಂದೇ. ಉಳಿದವರು ಸಾಲು ಮಾರಿದರು, ಕುಣಿಕೆ ಎಣಿಸಿದರು, ಲಡಿ ಸುತ್ತಿದರು, ಹೆಣೆಯುವವರ ಮನೆಗೆ ಹೋಗಿ ಅಡುಗೆ ಮಾಡಿಕೊಟ್ಟರು. ಅಡುಗೆಯ ಈ ಕೆಲಸ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಇರಬೇಕಿತ್ತು.

ಅರ್ಧ ಆಯ್ತು ಅಂದುಕೊಂಡ ದಿನ

ಗುರಿ ಇದ್ದದ್ದು ಸೆಪ್ಟೆಂಬರ್ 7ರ ಚೌತಿ. ಆಗಸ್ಟ್ ಕಡೆಗೆ 75 ಸಾಲು ಮುಗಿಯಿತು. 150ರಲ್ಲಿ 75, ಅಂದರೆ ಅರ್ಧ. ಎಲ್ಲರಿಗೂ ಖುಷಿ. ಚಹಾ, ಅವಲಕ್ಕಿ ಆಯಿತು. ಟೀಚರಕ್ಕ ಮಾತ್ರ ಪುಸ್ತಕ ತಿರುವಿ ಹೇಳಿದರು, ಅರ್ಧ ಅಲ್ಲ, ಕಾಲು ಭಾಗ. ಆಗಿದ್ದ ಕುಣಿಕೆ 6,301. ನೂರಕ್ಕೆ 26.

ಮೂರು ಮೂಲೆ ಶಾಲು ಹೆಣೆಯುವವರು ಎಲ್ಲರೂ ಮುಗ್ಗರಿಸುವ ಜಾಗ ಇದು. ಸಾಲು ಉದ್ದವಾಗುತ್ತಾ ಹೋಗುತ್ತದೆ. ಶುರುವಿನ ಸಾಲು ಒಂದು ನಿಮಿಷವೂ ಬೇಡ, ಕಡೆಯ ಸಾಲಿಗೆ 20 ನಿಮಿಷ. ಕುಣಿಕೆಯ ಲೆಕ್ಕದಲ್ಲಿ ನಿಜವಾದ ಅರ್ಧ ಬರುವುದು 105ನೇ ಸಾಲಿನ ಹತ್ತಿರ. ಯಾರಿಗಾದರೂ ಇಂಥ ದಿನ ಕೊಡುತ್ತೇವೆ ಎಂದು ಮಾತು ಕೊಡುವ ಮೊದಲು ಸಾಲು ಎಣಿಸಬೇಡಿ, ಕುಣಿಕೆ ಎಣಿಸಿ. ಚೌತಿ ಕೈಬಿಟ್ಟು ಊರ ದೇವಸ್ಥಾನದ ಕಾರ್ತಿಕ ದೀಪೋತ್ಸವ ಎಂದು ಗಟ್ಟಿ ಮಾಡಿದ್ದು ಆ ದಿನವೇ.

ಮುಂದೆ 96ನೇ ಸಾಲಿನಲ್ಲಿ ಎಡಬದಿಯ ಎಲೆ ಒಂದು ಕುಣಿಕೆ ಸರಿದದ್ದು ಕಂಡಿತು. ತಪ್ಪಿದ್ದು 91ನೇ ಸಾಲಿನಲ್ಲಿ. ಕರೆಂಟ್ ಹೋದ ರಾತ್ರಿಯ ಹೆಣಿಗೆ. ಲೇಸನ್ನು ಬರೀ ಬಿಚ್ಚುತ್ತಾ ಹೋದರೆ ಕುಣಿಕೆಗಳು ಓಡಿಹೋಗುತ್ತವೆ, ಸುತ್ತಿದ ನೂಲು ಯಾವುದು, ಕೂಡಿಸಿದ್ದು ಯಾವುದು ಎಂದು ಹಿಡಿಯಲು ಆಗುವುದಿಲ್ಲ. ಅದಕ್ಕೇ ಅತ್ತಿಗೆ ಪ್ರತಿ 12 ಸಾಲಿಗೆ ಒಮ್ಮೆ ಎಲ್ಲ ಕುಣಿಕೆಗಳ ಒಳಗಿಂದ ಬೇರೆ ಬಣ್ಣದ ಹತ್ತಿ ದಾರ ಪೋಣಿಸಿ ಇಡುತ್ತಿದ್ದರು. ಬಿಚ್ಚುತ್ತಾ ಬಂದು ಆ ದಾರದ ಹತ್ತಿರ ನಿಲ್ಲಬಹುದು. ಕಡೆಯ ದಾರ ಇದ್ದದ್ದು 84ನೇ ಸಾಲಿನಲ್ಲಿ. ಹನ್ನೆರಡು ಸಾಲು, 2,268 ಕುಣಿಕೆ ಹೋಯಿತು. ಎರಡೂವರೆ ಗಂಟೆಯ ಕೆಲಸ. ದಾರ ಇಲ್ಲದಿದ್ದರೆ ಇಡೀ ಶಾಲೇ ಹೋಗುತ್ತಿತ್ತು.

"ಈ ಹನ್ನೆರಡು ಸಾಲು ಎರಡು ಸಲ ಹೆಣೆದದ್ದು. ಎರಡು ಸಲ ದುಡ್ಡು ತಗೊಳ್ಳೋದಾ?" ಎಂದು ಖಜಾಂಚಿ ಕೇಳಿದರಂತೆ. ಅದರಲ್ಲಿ ಒಂದು ಸಾಲನ್ನು ಕೊಂಡ ಅಡಿಕೆ ಬೆಳೆಗಾರರೊಬ್ಬರು ನಿಜವಾಗಿಯೂ ಇನ್ನೊಮ್ಮೆ ಕೊಟ್ಟರು. ಅದನ್ನು ಮಾರಾಟವಾಗದೇ ಇದ್ದ ಇನ್ನೊಂದು ಸಾಲಿಗೆ ಬರೆದುಕೊಂಡರು.

ಶಾಲು ಮುಗಿದದ್ದು ದೀಪಾವಳಿಯ ಸುಮಾರಿಗೆ. ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಒದ್ದೆ ಉಣ್ಣೆ ಹಾಸಿದರೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯ ವಾಸನೆ ಹಿಡಿಯುತ್ತಿತ್ತು. ನವೆಂಬರಿನ ಬಿಸಿಲಿಗೆ ಗಾಳಿ ಇತ್ತು. ಉಗುರು ಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿದರು. ಹಿಂಡಲಿಲ್ಲ, ಟವೆಲ್ಲಿನಲ್ಲಿ ಸುತ್ತಿ ಒತ್ತಿದರು. ಹಾಸಿಗೆಯ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಮೇಲಂಚಿಗೆ ತೆಳು ಸ್ಟೀಲ್ ಸರಿಗೆ ಪೋಣಿಸಿ, ಕೆಳಗಿನ ಒಂದೊಂದು ಮೊನೆಗೂ ಗುಂಡುಸೂಜಿ ಚುಚ್ಚಿದರು. ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಿತು. ಅಗಲ ಒಂದೂವರೆ ಮೀಟರ್, ಆಳ 75 ಸೆಂಟಿಮೀಟರ್. ಅಲ್ಲಿಯವರೆಗೆ ಎಂಥ ಶಾಲು ಇದು ಎಂದು ಮೂಗು ಮುರಿಯುತ್ತಿದ್ದವರೂ ಒಂದೊಂದು ಸಲ ಬಂದು ನೋಡಿ ಹೋದರು.

ಸವಾಲು

3,256 ರೂಪಾಯಿಯ ಲೆಕ್ಕದಿಂದಲೇ ಶುರುವಿನ ಬೆಲೆ 3,300 ಎಂದು ಇಟ್ಟರು. ಸವಾಲು ಕೂಗುವವರು ಟೀಚರಕ್ಕನ ಹಳೇ ಶಿಷ್ಯ. ಅವರು ಮೊದಲು ಕುಣಿಕೆಯ ಲೆಕ್ಕ ಹೇಳಿದರು, ಬಲೆಯ ವಿಷಯ ಹೇಳಿದರು, ಆಮೇಲೆ ಶಾಲು ಬಿಡಿಸಿ ದೀಪದ ಮುಂದೆ ಹಿಡಿದರು. ಈ ಕ್ರಮ ನನಗೆ ಹಿಡಿಸಿತು. ಐದು ಸಾವಿರದವರೆಗೆ ನೂರು ನೂರು ಏರಿತು. ಆಮೇಲೆ ಇಬ್ಬರೇ ಉಳಿದು ಐನೂರರಂತೆ ಏರಿಸಿದರು. 11,500ಕ್ಕೆ ನಿಂತಿತು. ಮರುಸವಾಲು ಹಾಕಲಿ, ಶಾಲನ್ನು ವಾಪಸ್ ಕೊಡಿ ಎಂದು ಹಿಂದಿನಿಂದ ಯಾರೋ ಕೂಗಿದರು. ಗೆದ್ದವರು ಒಪ್ಪಲಿಲ್ಲ. "ಹೆಂಡತಿಗೆ ಅಂತ ಕೂಗಿದ್ದು. ವಾಪಸ್ ಕೊಟ್ರೆ ನಾನು ಮನೆಗೆ ಹೋಗೋದು ಹೇಗೆ?" ಎಂದರು. ನಕ್ಕು ಮುಗಿಯಿತು.

ಸವಾಲಿನ ದುಡ್ಡನ್ನು ಮುಂದಿನ ಉತ್ಸವಕ್ಕೆ ಕೊಟ್ಟರೂ ನಡೆಯುತ್ತದೆ ಎಂಬ ರೂಢಿ ಕೆಲವು ಕಡೆ ಇದೆ. ಖಜಾಂಚಿ ಅದಕ್ಕೆ ಅವಕಾಶ ಕೊಡಲಿಲ್ಲ. ಕ್ಯೂಆರ್ ಕೋಡ್ ಇರುವ ಹಾಳೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಸಾಲಿನ ದುಡ್ಡಿನಲ್ಲಿ ಮಾತ್ರ ಆ ಗಟ್ಟಿತನ ಪೂರ್ತಿ ನಡೆಯಲಿಲ್ಲ. ಕಡೆಯ ಉದ್ದ ಸಾಲುಗಳು ನಿಧಾನಕ್ಕೆ ಹೋದವು. 600 ರೂಪಾಯಿ ಒಟ್ಟಿಗೆ ಕೊಡಲು ಹಿಂದೆಮುಂದೆ ನೋಡಿದರು. ಅರ್ಧ ಸಾಲು ಕೊಡೋಣ ಎಂದು ಆಮೇಲೆ ಮಾಡಿದರು. ಆದರೂ 2,134 ಕುಣಿಕೆ ಉಳಿಯಿತು. ಎರಡು ಸಾಲು ಬರೆಸಿದವರು ದುಡ್ಡು ಕೊಡಲೇ ಇಲ್ಲ.

ಪುಸ್ತಕದ ಕಡೆಯ ಹಾಳೆ ಹೀಗಿದೆ. ಮಾರಿದ ಕುಣಿಕೆ 21,716, ಬೆಲೆ 43,432 ರೂಪಾಯಿ. ಬರಬೇಕಾದ್ದು 1,228. ಕೈಗೆ ಬಂದದ್ದು 42,204. ಸವಾಲು 11,500. ಒಟ್ಟು 53,704. ನೂಲಿನ 2,100, ಕಡ್ಡಿಯ 450 ರೂಪಾಯಿಯನ್ನು ಸದಸ್ಯರೇ ಹಾಕಿಕೊಂಡರು. ಆದರೆ ಖಜಾಂಚಿ ಅದನ್ನೂ ಬೇರೆ ಗೆರೆಯಲ್ಲಿ ಬರೆದಿದ್ದಾರೆ. ಬರೆಯದಿದ್ದರೆ ಮುಂದಿನ ಸಲ ಶಾಲು ಪುಕ್ಕಟೆ ಆಗುತ್ತದೆ ಅಂದುಕೊಳ್ಳುತ್ತಾರೆ ಎಂಬುದು ಅವರ ವಾದ. ನನಗೂ ಸರಿ ಅನಿಸಿತು.

ಬಲೆಯ ಕಣ್ಣು

ದುಡ್ಡು ಬಂದ ಮೇಲಿನ ಕೆಲಸ ಸುಲಭ ಅಂದುಕೊಂಡಿದ್ದರು. ಐದು ಮನೆಗೆ ಒಂದೇ ಥರದ ಬಲೆ ಕೊಂಡು ಕೊಡುವುದು, ಒಂದು ಫೋಟೊ, ಮುಗಿಯಿತು. ಟೀಚರಕ್ಕ ಮತ್ತು ಖಜಾಂಚಿ ಬಸ್ಸಿನಲ್ಲಿ ಘಟ್ಟ ಇಳಿದು ಹೋದರು. ಅಲ್ಲಿಯ ಹೆಂಗಸೊಬ್ಬರು ಪಟ್ಟಿ ನೋಡಿ, "ಇದೆಂಥ ಎಲ್ಲಾರಿಗೂ ಒಂದೇ ಕಣ್ಣಿನ ಬಲೆ? ನೊಗಲಿ ಹಿಡಿಯೋ ಬಲೆ ಬೇರೆ" ಎಂದರು. ಮೀನಿನ ಗಾತ್ರಕ್ಕೆ ತಕ್ಕ ಕಣ್ಣು, ಅಂದರೆ ಬಲೆಯ ತೂತು. ಒಬ್ಬರು ನದಿಯಲ್ಲಿ ಬೀಸುಬಲೆ ಹಾಕುವವರು, ಇನ್ನೊಬ್ಬರು ಅಳಿವೆಯ ಹತ್ತಿರ ಪಾತಿ ದೋಣಿಯಲ್ಲಿ ಬಲೆ ಬಿಡುವವರು. ಅಂಗಡಿಯಲ್ಲಿ ಬಲೆಯನ್ನು ತೂಕದ ಮೇಲೆ ಕೊಡುತ್ತಾರೆ. ಹಗ್ಗ, ಬೆಂಡು, ಸೀಸದ ಗುಂಡು ಬೇರೆ. ಅದನ್ನೆಲ್ಲ ಕಟ್ಟಿ ಬಲೆ ಮಾಡಿಕೊಳ್ಳುವುದು ಅವರದ್ದೇ ಕೈಕೆಲಸ.

ಹಾಗಾಗಿ ಪಟ್ಟಿ ಹರಿದು ಹಾಕಿದರು. ಐದು ಮನೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಅವರೇ ಆರಿಸಿದರು, ಖಜಾಂಚಿ ಬಿಲ್ಲಿನ ದುಡ್ಡು ಕೊಟ್ಟರು. 51,870 ರೂಪಾಯಿ. ಎಲ್ಲರಿಗೂ ಸಮ ಬರಲಿಲ್ಲ. ಒಂದು ಮನೆಗೆ ಜಾಸ್ತಿ, ಒಂದು ಮನೆಗೆ ಕಡಿಮೆ. ಬಲೆಯ ಬೆಲೆಯೇ ಬೇರೆ ಬೇರೆ. ಇದಕ್ಕೆ ಶಿರಸಿಗೆ ಬಂದ ಮೇಲೆ ಸಂಘದಲ್ಲಿ ತಕರಾರಾಯಿತು. ಎಲ್ಲರಿಗೂ ಸಮ ಹಂಚಬೇಕಿತ್ತು ಎಂದು ಕೆಲವರು. ಯಾರಿಗೆ ಏನು ಹೋಗಿತ್ತೋ ಅದು ಸಿಕ್ಕಿದರೆ ಸಾಕಲ್ಲ ಎಂದು ಟೀಚರಕ್ಕ. ದುಡ್ಡಿನಲ್ಲಿ ಸಮ ಇಲ್ಲದಿದ್ದರೂ ಎಲ್ಲರ ಕೈಗೂ ಬಲೆ ಬಂತು. ನಾನು ಟೀಚರಕ್ಕನ ಕಡೆ.

ಫೋಟೊ ತೆಗೆಯಲಿಲ್ಲ. ಬಲೆ ಹಿಡಿದುಕೊಂಡು ನಿಲ್ಲಿ ಎಂದು ಹೇಳಲು ನಾಚಿಕೆ ಆಯಿತು ಎಂದರು ಖಜಾಂಚಿ. ಸಾಲು ಕೊಂಡವರಲ್ಲಿ ಕೆಲವರು ಫೋಟೊ ಕೇಳಿದರು. ಅವರಿಗೆ ಅಂಗಡಿಯ ಬಿಲ್ಲಿನ ಪ್ರತಿ ಕಳಿಸಿದರು.

ಉಳಿದ 1,834 ರೂಪಾಯಿ ಸಂಘದ ಖಾತೆಯಲ್ಲಿ ಬೇರೆ ಗೆರೆಯಲ್ಲಿದೆ. ಎರಡನೇ ಲಡಿಯಲ್ಲಿ 90 ಗ್ರಾಂ ಹತ್ತಿರ ನೂಲು ಮಿಕ್ಕಿದೆ, ಕಹಿಬೇವಿನ ಒಣ ಎಲೆಯ ಜೊತೆ ಸ್ಟೀಲ್ ಡಬ್ಬಿಯಲ್ಲಿ. ಇನ್ನೊಂದು ಶಾಲಿನ ಮಾತು ನಡೆದಿದೆ. ಈ ಸಲ ಕುಣಿಕೆಗೆ 3 ರೂಪಾಯಿ, ಅರ್ಧ ಸಾಲುಗಳ ಪಟ್ಟಿ ಮೊದಲೇ ಸಿದ್ಧ, ಮುಕ್ಕಾಲು ಪಾಲು ಕುಣಿಕೆಯ ದುಡ್ಡು ಬರುವವರೆಗೆ ಕಡ್ಡಿ ಮುಟ್ಟುವುದಿಲ್ಲ ಎಂದು ಮಿಲಿಟರಿ ಅತ್ತಿಗೆ ಷರತ್ತು ಹಾಕಿದ್ದಾರೆ. ಖಜಾಂಚಿ ಅದನ್ನು ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಂಡಿದ್ದಾರೆ.